ಗೆರೆಯವರೆಗೆ

ಗಾಡಿ ನಮ್ಮ ಅಂಗಳಕ್ಕೆ ಬಂದ ದಿನ ಸೊಸೆಯ ಅಣ್ಣ ಅದರ ಕೆಳಗೆ ಅಂಗಾತ ಮಲಗಿ, ಟಾರ್ಚು ಬಿಟ್ಟು ನೋಡಿ, ಎದ್ದು ಬೆನ್ನಿನ ಮಣ್ಣು ಕೊಡವಿಕೊಂಡು, "ಮೇಲೆಲ್ಲ ಹೊಸ ಬಣ್ಣ, ಕೆಳಗೆಲ್ಲ ತುಕ್ಕು" ಎಂದ. ಅವನು ಪೇಟೆಯಲ್ಲಿ ಗ್ಯಾರೇಜು ಇಟ್ಟುಕೊಂಡವನು, ಕೇಳದಿದ್ದರೂ ಹೇಳುವ ಜಾತಿ. ನಮ್ಮ ಯಜಮಾನರ ಮುಖ ಕೆಂಪಗಾಯಿತು. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ನಾಲ್ಕು ಭಾನುವಾರ ಅಲೆದು, ಹತ್ತು ಗಾಡಿ ನೋಡಿ, ಬಾನೆಟ್ಟಿಗೆ ಕಿವಿಯಿಟ್ಟು ಆರಿಸಿ ತಂದ ಹಳೇ ಪಿಕಪ್ಪು ಅದು. ಅದಕ್ಕೆ ತುಕ್ಕು ಅಂದರೆ ಅವರಿಗೇ ಅಂದಹಾಗೆ.

"ಎಂಜಿನ್ ಕೇಳಿದೀನಿ ನಾನು. ಇನ್ನೂ ಹತ್ತು ವರ್ಷಕ್ಕೆ ಮೋಸ ಇಲ್ಲ," ಎಂದರು.

"ಎಂಜಿನ್ನು ಗಾಡಿ ಓಡಿಸುತ್ತೆ ಮಾವ. ನಿಲ್ಲಿಸೋದು ಬೇರೆ," ಎಂದ ಅವನು.

ನಾನು ಚಹಾದ ಲೋಟ ಅವನ ಮುಂದೆ ಕುಕ್ಕಿದೆ. ನಮ್ಮ ಮನೆಯ ಅಂಗಳದಲ್ಲಿ ನಿಂತು ನಮ್ಮ ಯಜಮಾನರಿಗೆ ಪಾಠ ಹೇಳುವಷ್ಟು ದೊಡ್ಡವನಾಗಿಬಿಟ್ಟನಾ ಎಂದು ನನಗೆ ಸಿಟ್ಟು. ಸೊಸೆ ಮಾತ್ರ ಅಣ್ಣನ ಮುಖವನ್ನೂ ನೋಡಲಿಲ್ಲ, ಮಾವನ ಮುಖವನ್ನೂ ನೋಡಲಿಲ್ಲ. ಗಾಡಿಯ ಹಿಂದಿನ ಚಕ್ರವನ್ನೇ ನೋಡುತ್ತಾ ನಿಂತಿದ್ದಳು.

ನಮ್ಮದು ಬಟ್ಟೆ ಒಗೆಯುವ ಮನೆ. ಗುಡ್ಡದ ಮೇಲಿನ ಆಸ್ಪತ್ರೆಯದು, ಅದರ ದಾರಿಯಲ್ಲಿರುವ ಎರಡು ಲಾಡ್ಜುಗಳದು, ಹೀಗೆ ಮೂರು ಕಡೆಯ ಹಾಸು, ಹೊದಿಕೆ, ದಿಂಬಿನ ಚೀಲ, ಟವೆಲು ನಮ್ಮಲ್ಲಿಗೆ ಬರುತ್ತವೆ. ಹಿತ್ತಲಲ್ಲಿ ಎರಡು ದೊಡ್ಡ ಯಂತ್ರ, ಒಣಹಾಕಲು ತಗಡಿನ ಚಪ್ಪರ, ಮುಂದಿನ ಕೋಣೆಯಲ್ಲಿ ಉದ್ದನೆಯ ಇಸ್ತ್ರಿ ಮೇಜು. ಒಗೆಯುವುದು ನಾನು, ಇಸ್ತ್ರಿ ಸೊಸೆಯದು, ಸಾಗಣೆ ಮಗನದು. ಆಸ್ಪತ್ರೆಯಲ್ಲಿ ಹಾಸು ಎಣಿಸಿ ಒಪ್ಪಿಸಲು ಸೊಸೆಯೂ ಜೊತೆಗೆ ಹೋಗಬೇಕು, ಮಗ ಎಣಿಸಿದರೆ ದಿನಕ್ಕೊಂದು ಲೆಕ್ಕ ಬರುತ್ತದೆ. ಹೋಗುವಾಗ ಮೊಮ್ಮಗಳು ಚಿನಕುರುಳಿಯನ್ನು ನಡುವೆ ಕೂರಿಸಿಕೊಂಡು ಗುಡ್ಡದ ಬುಡದ ಶಾಲೆಗೆ ಬಿಡುತ್ತಾರೆ. ಮನೆಯ ಮೂರು ಜೀವ ಬೆಳಗಾದರೆ ಆ ಗಾಡಿಯಲ್ಲಿ.

ಗಾಡಿಗೆ ಹಾಕಿದ್ದು ಸೊಸೆಯ ದುಡ್ಡು. ಮದುವೆಗೆ ಮುಂಚೆ ಏಳು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿದು ಕೂಡಿಸಿದ್ದು. ಕೇಳಿದ ಕೂಡಲೇ ಕೊಟ್ಟಳು, ಕೊಟ್ಟಮೇಲೆ ಒಂದು ದಿನವೂ ನನ್ನ ದುಡ್ಡು ಎನ್ನಲಿಲ್ಲ. ನಮ್ಮ ಯಜಮಾನರಿಗೆ ಕಷ್ಟವಾದದ್ದೇ ಅದು. ಅಂದಿದ್ದರೆ ಒಂದು ಜಗಳವಾಡಿ ಹಗುರಾಗಬಹುದಿತ್ತು.

ಮೊದಲ ತಿಂಗಳಲ್ಲೇ ಕ್ಲಚ್ಚು ಹೋಯಿತು. ಗುಡ್ಡ ಹತ್ತುವಾಗ ಎಂಜಿನ್ನು ಕಿರುಚುವುದು, ಗಾಡಿ ಮಾತ್ರ ಬಸವನಹುಳುವಿನ ಹಾಗೆ ತೆವಳುವುದು. ಪ್ಲೇಟು, ಬೇರಿಂಗು, ಕೂಲಿ ಸೇರಿ ಹನ್ನೆರಡು ಸಾವಿರ. ಹಳೇ ಗಾಡಿಗೆ ಕ್ಲಚ್ಚು ಹಾಕಿಸಲೇಬೇಕು, ಅದು ಲೆಕ್ಕಕ್ಕೇ ಇಲ್ಲ ಎಂದರು ಇವರು. ಮೂರು ವಾರಕ್ಕೆ ರೇಡಿಯೇಟರು ಸೋರಿತು. ಮತ್ತೆರಡು ವಾರಕ್ಕೆ ಹಿಂದಿನ ಸ್ಪ್ರಿಂಗ್ ಪ್ಲೇಟು ತುಂಡಾಗಿ ಗಾಡಿ ಒಂದು ಬದಿಗೆ ವಾಲಿತು. ಚಿನಕುರುಳಿ ಊಟಕ್ಕೆ ಕೂತಾಗ ಗಾಡಿಯ ಸದ್ದುಗಳನ್ನೆಲ್ಲ ಬಾಯಲ್ಲೇ ಮಾಡಿ ತೋರಿಸುವಳು. ಗಿಯ್ಯಂತ ಕಿರುಚುವುದು, ಟೊಕ್ ಟೊಕ್ ಎನ್ನುವುದು, ಬುಸ್ಸನೆ ಉಗಿ ಬಿಡುವುದು. ಮಗ ನಗುವನು, ನಾನೂ ನಗುತ್ತಿದ್ದೆ. ಇವರು ಮಾತ್ರ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ರೇಡಿಯೇಟರು ಹೋದ ದಿನದ ಸಂಗತಿ ಇಲ್ಲಿ ಹೇಳಲೇಬೇಕು. ಗುಡ್ಡದ ಅರ್ಧದಲ್ಲಿ ಎಂಜಿನ್ ಬಿಸಿಯಾದರೆ ಹತ್ತುವ ಕೆಂಪು ದೀಪ ಹತ್ತಿತಂತೆ. ಮಗ ಅಲ್ಲೇ ಗಾಡಿ ನಿಲ್ಲಿಸಿ, ಕೀಲಿ ತೆಗೆದು, ಇಬ್ಬರೂ ಬಿಸಿಲಲ್ಲಿ ಗಂಟು ಹೊತ್ತುಕೊಂಡು ಆಸ್ಪತ್ರೆಗೆ ನಡೆದರು. ಇನ್ನೊಂದು ಫರ್ಲಾಂಗು ಓಡಿಸಿದ್ದರೆ ಏನಾಗ್ತಿತ್ತೋ ಎಂದು ನಾನು ಬೈದೆ. ಇವರಿಗೆ ಹೆಮ್ಮೆ. ಡಿಪೋದ ಪಾಠವನ್ನು ಮಗನಿಗೆ ಹತ್ತು ವರ್ಷದವನಿದ್ದಾಗಲೇ ಬಾಯಿಪಾಠ ಮಾಡಿಸಿದ್ದರು. ಕೆಂಪು ದೀಪ ಹತ್ತಿದರೆ ಗಾಡಿ ಮುಟ್ಟಬಾರದು. ಬೇರೆ ಯಾವ ಮಾತು ಕೇಳದಿದ್ದರೂ ನನ್ನ ಮಗ ಆ ಒಂದು ಮಾತು ಮೀರಿದವನಲ್ಲ.

ಸ್ಪ್ರಿಂಗಿನ ಬಿಲ್ಲು ಬಂದ ದಿನ ಊಟದ ಹೊತ್ತಿಗೆ ಸೊಸೆ ಮೊದಲ ಸಲ ಬಾಯಿ ಬಿಟ್ಟಳು. ಅನ್ನಕ್ಕೆ ಬೇಳೆ ಕಲಸುತ್ತಾ, ಅಣ್ಣನ ಗ್ಯಾರೇಜಿನಲ್ಲಿ ಎರಡು ದಿನ ಬಿಟ್ಟು ಪೂರ್ತಿ ನೋಡಿಸಿಬಿಡೋಣ, ಕೂಲಿ ತಗೊಳ್ಳಲ್ಲ ಅಂದಿದ್ದಾನೆ ಎಂದಳು. ಮೆತ್ತಗೇ ಹೇಳಿದಳು, ಸುಳ್ಳು ಯಾಕೆ ಹೇಳಲಿ.

"ಯಾಕೆ, ನಾನು ಸತ್ತಿದೀನಾ?" ಎಂದರು ಇವರು.

"ಹಾಗಲ್ಲ ಮಾವ. ಗಾಡಿ ಕೆಳಗೆ ಇಳಿದು ನೋಡೋಕೆ ಅವನ ಹತ್ರ ಹೊಂಡ ಇದೆ, ಅದಕ್ಕೇ ಅಂದೆ."

"ಅವನಿಗೆ ನೋಡೋದು ಬೇಡಮ್ಮ, ಆಡ್ಕೊಳ್ಳೋದು ಬೇಕು."

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ತವರಿನವರ ಬುದ್ಧಿ ಕೇಳಿ ಈ ಮನೆ ನಡೆಸುವ ಕಾಲ ಇನ್ನೂ ಬಂದಿಲ್ಲ ಎಂದೆ. ಮಗ ಒಬ್ಬೊಬ್ಬರ ಮುಖವನ್ನೂ ನೋಡಿ, ಮೊಸರು ಕೊಡಮ್ಮ ಎಂದ. ಅವನು ಹುಟ್ಟಿದಾಗಿನಿಂದ ಜಗಳ ಬಂದರೆ ಮೊಸರು ಕೇಳುವವನು. ಸೊಸೆ ಅರ್ಧ ಊಟ ಬಿಟ್ಟು ಇಸ್ತ್ರಿ ಮೇಜಿಗೆ ಹೋದಳು. ಅವತ್ತಿನಿಂದ ಗಾಡಿಯ ವಿಷಯ ಎತ್ತಲಿಲ್ಲ.

ಇದಾದ ವಾರಕ್ಕೆ, ಇನ್ನೂ ಯಾರೂ ಏಳುವ ಮುಂಚೆ ಯಂತ್ರಕ್ಕೆ ಬಟ್ಟೆ ತುಂಬಲು ಹೊರಬಂದೆ. ಬಾನೆಟ್ಟು ಎತ್ತಿತ್ತು. ಇವರು ಒಂದು ಪುಟ್ಟ ಬಾಟಲಿಯಿಂದ ಏನನ್ನೋ ಹುಯ್ಯುತ್ತಿದ್ದರು. ನನ್ನನ್ನು ಕಂಡು ಕದ್ದು ಸಿಕ್ಕವರ ಹಾಗೆ ಬಾಟಲಿಯನ್ನು ಬೆನ್ನ ಹಿಂದೆ ಹಿಡಿದರು.

"ಏನ್ರೀ ಅದು?"

"ಬ್ರೇಕ್ ಆಯಿಲ್ಲು. ಸ್ವಲ್ಪ ಇಳಿಯುತ್ತೆ. ಗೆರೆವರೆಗೆ ಹಾಕಿಟ್ರೆ ಏನೂ ಆಗಲ್ಲ."

ಡಿಪೋದಲ್ಲಿ ಅದೇ ಪದ್ಧತಿಯಂತೆ. ಬೆಳಗಿನ ಬಸ್ಸು ಹೊರಡುವ ಮುಂಚೆ ಎಲ್ಲ ಡಬ್ಬಿಗಳನ್ನೂ ಗೆರೆಯವರೆಗೆ ತುಂಬಿಡುವುದು. ಇಳಿದದ್ದು ಯಾಕೆ ಎಂದು ನೋಡಲು ಅಲ್ಲಿ ಬೇರೆ ಜನ, ಬೇರೆ ಪುಸ್ತಕ ಇತ್ತು. ಇಲ್ಲಿ ಇವರೊಬ್ಬರೇ. ಬಿಡದೆ ಕೇಳಿದ ಮೇಲೆ ಉಳಿದದ್ದೂ ಹೊರಬಂತು. ಹಿಂದಿನ ಚಕ್ರದ ಹತ್ತಿರ ಸೋರುತ್ತಿದೆ. ಯಾರಿಗೂ ತಿಳಿಯದ ಹಾಗೆ ಊರಾಚೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದ್ದಾರೆ. ಚಕ್ರದೊಳಗಿನ ಸಿಲಿಂಡರು ಮಾತ್ರವಲ್ಲ, ಪೈಪೆಲ್ಲ ತುಕ್ಕು ತಿಂದಿದೆ, ಎಲ್ಲ ಬದಲಿಸಬೇಕು, ಹದಿನೆಂಟು ಸಾವಿರ ಮತ್ತು ಮೂರು ದಿನ ಎಂದಿದ್ದಾನೆ ಅವನು. ಮೂರು ದಿನ ಗಾಡಿ ನಿಂತರೆ ಮನೆಯಲ್ಲಿ ಯಾಕೆ ಎಂದು ಹೇಳಬೇಕು. ಹೇಳಿದರೆ ಸೊಸೆಯ ಅಣ್ಣನ ಮಾತೇ ನಿಜವಾಯಿತು.

"ಮುಂದಿನ ತಿಂಗಳು ಹೊಟ್ಟೆ ಆಪರೇಷನ್ನು ಮುಗೀಲಿ. ಎದ್ದ ಮೇಲೆ ನಾನೇ ಕೂತು ಎಲ್ಲ ಬಿಚ್ಚಿ ಮಾಡ್ತೀನಿ. ಅಲ್ಲೀವರೆಗೆ ನೀನು ಬಾಯಿ ಬಿಡಬೇಡ," ಎಂದರು. ಅವರಿಗೆ ಹರ್ನಿಯಾ. ಬಗ್ಗಿ ಏಳುವಾಗ ಮುಖ ಕಿವುಚಿಕೊಳ್ಳುತ್ತಿದ್ದರು.

ಬಾಯಿ ಬಿಡಲ್ಲ ಎಂದೆ. ಅಷ್ಟೇ ಮಾಡಿದ್ದರೆ ಪಾಪ ಅರ್ಧವಾದರೂ ಅವರದಾಗುತ್ತಿತ್ತು. ನಾನು ಮಾತು ಕೊಟ್ಟು ಸುಮ್ಮನೆ ಕೂರುವವಳಲ್ಲ, ಕೈಯನ್ನೂ ಹಾಕುವವಳು. ಗಾಡಿ ನಿಲ್ಲುವ ಜಾಗದಲ್ಲಿ ಹಿಂದಿನ ಚಕ್ರದ ಕೆಳಗೆ ಅಂಗೈಯಗಲ ಕಲೆ ಬೀಳುತ್ತಿತ್ತು. ಬೆಳಿಗ್ಗೆ ಗಾಡಿ ಹೊರಟ ಕೂಡಲೇ ಸೋಪಿನ ನೀರು ಹುಯ್ದು, ಕಡ್ಡಿ ಪೊರಕೆಯಲ್ಲಿ ಉಜ್ಜಿ ತೆಗೆಯುತ್ತಿದ್ದೆ. ಬಟ್ಟೆ ಒಗೆಯುವ ಮನೆಯ ಅಂಗಳ, ಯಾವಾಗಲೂ ಒದ್ದೆ. ಯಾರಿಗೆ ಏನು ಗೊತ್ತಾಗಬೇಕು.

ಒಂದು ಸಂಜೆ ಚಿನಕುರುಳಿ ಮೊಟ್ಟೆ ತಿನ್ನುತ್ತಾ, ತಾತ ದಿನಾ ಗಾಡಿಗೆ ಔಷಧಿ ಕುಡಿಸ್ತಾರೆ, ನಾನು ಕಿಟಕಿಯಿಂದ ನೋಡಿದೀನಿ ಎಂದಳು. ಸೊಸೆಯ ಕೈ ತಟ್ಟೆಯಲ್ಲಿ ನಿಂತಿತು. ಏನು ಔಷಧಿ ಮಾವ ಎಂದಳು. ಇವರು ನನ್ನ ಕಡೆ ನೋಡಿದರು. ಗಾಜು ಒರೆಸುವ ನೀರು ಕಣೆ, ಧೂಳು ಜಾಸ್ತಿ ಅಂತ ನಾನೇ ಹಾಕೋಕೆ ಹೇಳಿದೆ ಎಂದೆ. ಎಷ್ಟು ಸಲೀಸಾಗಿ ಬಂತು ಅಂದರೆ ನನಗೇ ಆಶ್ಚರ್ಯ. ಸೊಸೆ ಒಂದು ಗಳಿಗೆ ನನ್ನನ್ನು ನೋಡಿದಳು, ಆಮೇಲೆ ಮಗುವಿಗೆ ನೀರು ಕುಡಿಸಿದಳು.

ಅದೇ ವಾರ ಮಗ ಕೈ ತೊಳೆಯುತ್ತಾ, ಬ್ರೇಕಿನ ಪೆಡಲು ಯಾಕೋ ಮೆತ್ತಗಾಗಿದೆ ಅಪ್ಪ, ಎರಡು ಸಲ ಒತ್ತಿದರೆ ಹಿಡಿಯುತ್ತೆ ಎಂದ.

"ಬ್ರೇಕಿನ ದೀಪ ಹತ್ತಿತಾ?"

"ಇಲ್ಲ."

"ಹತ್ತದಿದ್ರೆ ಆಯಿಲ್ಲು ಸರಿ ಇದೆ ಅಂತ. ಹಳೇ ಗಾಡಿ ಅಲ್ವಾ, ಎರಡು ಸಲ ಒತ್ತು."

ಮಗ ತಲೆಯಾಡಿಸಿದ. ಅಪ್ಪ ಹೇಳಿದ ಮೇಲೆ ಮುಗಿಯಿತು ಅವನಿಗೆ. ನಾನು ಪಾತ್ರೆ ಉಜ್ಜುತ್ತಿದ್ದೆ. ನನಗೆ ಭಯವಾಯಿತು, ಅದು ನಿಜ. ಆದರೆ ಮೂವತ್ತೊಂದು ವರ್ಷ ಬಸ್ಸುಗಳನ್ನು ರಸ್ತೆಗೆ ಬಿಟ್ಟವರು, ತಿಳಿಯದೆ ಹೇಳುತ್ತಾರೆಯೇ ಎಂದು ಸಮಾಧಾನ ಮಾಡಿಕೊಂಡೆ. ಮೊದಲು ವಾರಕ್ಕೊಂದು ಬಾಟಲಿ ಸಾಕಾಗುತ್ತಿತ್ತು. ಈಗ ಎರಡು ಖಾಲಿ ಬಾಟಲಿ ಸಿಗುತ್ತಿದ್ದವು. ಹಳೇ ಬಟ್ಟೆಯಲ್ಲಿ ಸುತ್ತಿ ಕಸದ ಗಾಡಿಗೆ ನಾನೇ ಹಾಕುತ್ತಿದ್ದೆ.

ಆಪರೇಷನ್ನಿಗೆ ಗುಡ್ಡದ ಮೇಲಿನ ಆಸ್ಪತ್ರೆಯಲ್ಲೇ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಹೊತ್ತು ಕೊಟ್ಟರು. ಮಂಗಳವಾರವೇ ಸೇರಬೇಕು. ಹೊರಡುವ ಮುಂಚೆ ನನ್ನನ್ನು ಗಾಡಿಯ ಹತ್ತಿರ ಕರೆದು, ಬಾನೆಟ್ಟು ಎತ್ತುವುದು ಹೇಗೆ, ಮುಚ್ಚಳ ಯಾವುದು ಎಂದು ತೋರಿಸಿದರು. ಎರಡು ಮುಚ್ಚಳದಷ್ಟು ಹಿಡಿಯುತ್ತೆ, ಮೇಲಿನ ಗೆರೆವರೆಗೆ ಹಾಕು, ಚೆಲ್ಲಬೇಡ, ಬಣ್ಣ ತಿನ್ನುತ್ತೆ ಎಂದರು. ಒಂದು ವಾರದ ಮಟ್ಟಿಗೆ ಅಷ್ಟೇ. ತುಟಿ ಒಣಗಿತ್ತು ಅವರದು. ಕತ್ತಿಯ ಭಯವೋ ಗಾಡಿಯ ಭಯವೋ ನಾನು ಕೇಳಲಿಲ್ಲ.

ಬುಧವಾರ ಬೆಳಕು ಹರಿಯುವಾಗ ಎದ್ದೆ. ಸೊಸೆಯ ಕೋಣೆಯಲ್ಲಿ ದೀಪ ಇರಲಿಲ್ಲ. ಬಾನೆಟ್ಟು ಎತ್ತಿ, ಕೋಲು ಊರಿ, ಮುಚ್ಚಳ ತಿರುಗಿಸಿದೆ. ಡಬ್ಬಿಯ ತಳದಲ್ಲಿ ಬೆರಳು ತಾಕುವಷ್ಟು ಉಳಿದಿತ್ತು. ಎರಡು ಮುಚ್ಚಳ ಹುಯ್ದೆ, ಏನೂ ಆಗಲಿಲ್ಲ. ಮತ್ತೆ ಹುಯ್ದೆ. ಹುಯ್ಯುತ್ತಲೇ ಹೋದೆ, ಬಾಟಲಿ ಮುಗಿಯುವ ಹೊತ್ತಿಗೆ ಗೆರೆ ಮುಟ್ಟಿತು. ಇಷ್ಟು ಯಾಕೆ ಹಿಡಿಯಿತು ಎಂದು ಇವರಿಗೆ ಫೋನು ಮಾಡಿದೆ. ಆಪರೇಷನ್ನಿಗೆ ತಯಾರು ಮಾಡುತ್ತಿದ್ದರೇನೋ, ಫೋನು ಆಫ್ ಆಗಿತ್ತು. ಆಮೇಲೆ ಕೇಳಿದರಾಯಿತು ಎಂದುಕೊಂಡೆ. ಚಕ್ರದ ಕೆಳಗಿನ ಕಲೆ ಅವತ್ತು ತಟ್ಟೆಯಗಲ ಇತ್ತು.

ಏಳಕ್ಕೆ ಮಗ ಬಂದು ಕೀಲಿ ತಿರುಗಿಸಿದ. ಮುಂದಿನ ಫಲಕದಲ್ಲಿ ದೀಪಗಳೆಲ್ಲ ಒಮ್ಮೆ ಹತ್ತುತ್ತವೆ, ಆಮೇಲೆ ಒಂದೊಂದೇ ಆರಬೇಕು. ಅವನು ದಿನವೂ ಅದನ್ನು ಬೆರಳಿಟ್ಟು ನೋಡಿಯೇ ಹೊರಡುವವನು. ಎಲ್ಲ ಆರಿದವು. ಚಪ್ಪರದಿಂದ ನೋಡುತ್ತಿದ್ದ ನನಗೆ, ಸರಿಯಾಗಿ ಮಾಡಿದೆ ಎಂದು ಸಂತೋಷವಾಯಿತು. ಸೊಸೆ ಗಂಟುಗಳನ್ನು ಎಣಿಸಿ ಹತ್ತಿದಳು. ಚಿನಕುರುಳಿ ಅವಳ ತೊಡೆಯೇರಿ ನನಗೆ ಕೈ ಬೀಸಿದಳು.

ಗುಡ್ಡ ಹತ್ತುವಾಗ ಏನೂ ಆಗಲಿಲ್ಲ. ಮಗುವನ್ನು ಶಾಲೆಗೆ ಬಿಟ್ಟರು. ಒಗೆದ ಬಟ್ಟೆ ಒಪ್ಪಿಸಿದರು. ಇವರನ್ನು ಆಪರೇಷನ್ ಕೋಣೆಯಿಂದ ಹೊರತರುವವರೆಗೆ ಕಾದು, ಕಣ್ಣು ಬಿಟ್ಟದ್ದನ್ನು ನೋಡಿ, ನನಗೆ ಫೋನು ಮಾಡಿ ಹೇಳಿದರು. ಆಮೇಲೆ ಎರಡು ದಿನದ ಕೊಳೆ ಹಾಸುಗಳನ್ನು ಹೇರಿಕೊಂಡು ಇಳಿಯತೊಡಗಿದರು. ಗುಡ್ಡದ ರಸ್ತೆ ಎರಡು ಮೈಲಿ ಇಳಿಜಾರು. ಬುಡದಲ್ಲಿ ಬಸ್ ನಿಲ್ದಾಣ, ಅದರ ಎದುರಿಗೆ ಶಾಲೆ.

ಅರ್ಧ ಇಳಿದ ಮೇಲೆ ಪೆಡಲು ನೆಲಕ್ಕೆ ಹೋಯಿತಂತೆ. ಎರಡು ಸಲ ಒತ್ತಿದ, ಹತ್ತು ಸಲ ಒತ್ತಿದ. ಕೈಬ್ರೇಕು ಎಳೆದ, ಗೇರು ಇಳಿಸಲು ನೋಡಿದ. ಆಗ, ಇವರು ಎರಡು ಸಲ ಒತ್ತು ಎಂದ ಮಾತೇ ಅವನ ಕಿವಿಯಲ್ಲಿ ಇತ್ತಂತೆ. ಕೆಳಗೆ ನಿಲ್ದಾಣದ ಜನ ಕಾಣಿಸಿದಾಗ ಬೇರೆ ದಾರಿಯಿಲ್ಲದೆ ರಸ್ತೆಯಂಚಿನ ಕಲ್ಲುಗೋಡೆಗೆ ಗಾಡಿ ತಿರುಗಿಸಿದ. ಗೋಡೆ ಇದ್ದದ್ದು ಸೊಸೆ ಕೂತ ಬದಿಗೆ. ಮಗನಿಗೆ ಹೆಗಲ ಮೂಳೆ ಮುರಿಯಿತು. ಎಡಚಿಯಾದ ಸೊಸೆಯ ಇಸ್ತ್ರಿ ಹಿಡಿಯುವ ಕೈ ಬಾಗಿಲಿಗೂ ಗೋಡೆಗೂ ನಡುವೆ ಸಿಕ್ಕಿ, ಮೊಣಕೈಯಿಂದ ಕೆಳಗೆ ಉಳಿಸಿಕೊಳ್ಳಲು ಡಾಕ್ಟರಿಗೆ ಆಗಲಿಲ್ಲ.

ಮಾವ ಮೇಲಿನ ಮಹಡಿಯಲ್ಲಿ, ಸೊಸೆ ಕೆಳಗಿನ ವಾರ್ಡಿನಲ್ಲಿ. ಇಬ್ಬರೂ ಮಲಗಿದ್ದು ನಾನು ಒಗೆದ ಹಾಸಿನ ಮೇಲೆ. ಎಂಟು ದಿನ ನಾನು ಅವಳ ಹಾಸಿಗೆ ಬಿಟ್ಟು ಏಳಲಿಲ್ಲ. ಅನ್ನ ಕಲಸಿ ತಿನ್ನಿಸಿದೆ, ಮೈ ಒರೆಸಿದೆ, ಬೆಳಿಗ್ಗೆ ಬೆಳಿಗ್ಗೆ ತಲೆ ಬಾಚಿ ಜಡೆ ಹಾಕಿದೆ. ಮದುವೆಯಾಗಿ ಬಂದ ಏಳು ವರ್ಷದಲ್ಲಿ ಒಂದು ದಿನವೂ ನಾನು ಅವಳ ತಲೆ ಮುಟ್ಟಿದವಳಲ್ಲ. ನಿಮಗೆ ನನ್ನಿಂದ ತೊಂದರೆಯಾಯಿತು ಅತ್ತೆ ಎಂದಳು ಒಂದು ದಿನ. ನನಗೆ ಭೂಮಿಗಿಳಿದುಹೋಗಬೇಕು ಅನ್ನಿಸಿತು. ಪಕ್ಕದ ಹಾಸಿಗೆಯವರು, ಇಂಥ ಅತ್ತೆ ಯಾರಿಗೆ ಸಿಗ್ತಾರೆ ಎನ್ನುತ್ತಿದ್ದರು.

ಒಂಬತ್ತನೆಯ ದಿನ ಅವಳ ಅಣ್ಣ ನಮ್ಮ ಮನೆಗೆ ಬಂದ. ಇವರು ಹಿಂದಿನ ದಿನವಷ್ಟೇ ಹೊಟ್ಟೆಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದರು. ಮಗ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಊಟಕ್ಕೆ ಕೂತಿದ್ದ. ನಾನು ಬಡಿಸಲು ಬಂದಿದ್ದೆ. ಜಜ್ಜಿಹೋದ ಗಾಡಿಯನ್ನು ಅವನ ಗ್ಯಾರೇಜಿಗೇ ಎಳೆದುಕೊಂಡು ಹೋಗಿದ್ದರು. ಅವನು ಕೂರಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಿಂದಿನ ಪೈಪು ಒಡೆದಿದೆ. ಸಿಲಿಂಡರು ತಿಂಗಳುಗಟ್ಟಲೆ ಸೋರಿದೆ, ಚಕ್ರದ ಒಳಗೆಲ್ಲ ಆಯಿಲ್ಲಿನ ಕೆಸರು. ಇಷ್ಟು ಸೋರಿದರೆ ದೀಪ ಯಾವತ್ತೋ ಹತ್ತಬೇಕಿತ್ತು," ಎಂದ. ಮಗನ ಕಡೆ ತಿರುಗಿದ. "ಹತ್ತಿತ್ತಾ?"

"ಇಲ್ಲ ಭಾವ. ಒಂದು ದಿನವೂ ಇಲ್ಲ. ಅವತ್ತೂ ನೋಡಿದೆ."

"ಹಾಗಾದ್ರೆ ಯಾರೋ ತುಂಬಿಸ್ತಿದ್ರು."

ಇವರು ಗೋಡೆ ನೋಡುತ್ತಾ, ನಾನೇ ತುಂಬಿಸ್ತಿದ್ದೆ, ನನ್ನದೇ ತಪ್ಪು ಎಂದರು. ಮಗ ಅಪ್ಪನನ್ನು ನೋಡಿದ ನೋಟ ಈ ಜನ್ಮಕ್ಕೆ ಮರೆಯುವಂಥದ್ದಲ್ಲ. ಆದರೆ ಅವನು ಲೆಕ್ಕ ಹಾಕುತ್ತಿದ್ದ.

"ಬುಧವಾರ ನೀವು ಆಸ್ಪತ್ರೇಲಿದ್ರಿ ಅಪ್ಪ."

ನನ್ನ ಕೈಯಲ್ಲಿ ಅನ್ನದ ಸೌಟಿತ್ತು. ಇವರು ಆಗಲೂ ನನ್ನ ಕಡೆ ತಿರುಗಲಿಲ್ಲ, ನನ್ನನ್ನು ಉಳಿಸಬೇಕೆಂದೇ ಇರಬೇಕು.

"ನಾನು ಹಾಕಿದೆ," ಎಂದೆ.

ಸೊಸೆಯ ಅಣ್ಣ ನನ್ನ ಕಡೆ ತಿರುಗಿದ. "ಆ ಒಂದು ದಿನ ನೀವು ಸುಮ್ಮನಿದ್ದಿದ್ರೆ ದೀಪ ಹತ್ತಿರೋದು ಅತ್ತೆ. ಇವನು ಗಾಡಿ ಮುಟ್ಟುತ್ತಿರಲಿಲ್ಲ," ಎಂದ. ಮೆಲ್ಲಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದ. ಮಗ ಮೊಸರು ಕೇಳಲಿಲ್ಲ. ತಟ್ಟೆ ತಳ್ಳಿ ಎದ್ದ.

ಸೊಸೆಗೆ ಅವಳ ಅಣ್ಣ ಹೇಳುವ ಮುಂಚೆ ನಾನೇ ಹೇಳಬೇಕು ಎನ್ನಿಸಿತು. ಅಷ್ಟು ಮಾನ ಇನ್ನೂ ಉಳಿದಿತ್ತು. ಆ ಸಂಜೆಯೇ ಆಸ್ಪತ್ರೆಗೆ ಹೋಗಿ, ಸ್ಟೂಲಿನ ಮೇಲೆ ಕೂತು, ಕಲೆ ಉಜ್ಜಿದ್ದರಿಂದ ಹಿಡಿದು ಎಲ್ಲ ಹೇಳಿದೆ. ಅವಳು ಸೂರು ನೋಡುತ್ತಾ ಕೇಳಿಸಿಕೊಂಡಳು. ನಾನು ಮುಗಿಸಿದ ಮೇಲೆ ಕೇಳಿದಳು.

"ಅವತ್ತು ಎಷ್ಟು ಹಿಡೀತು?"

"ಬಾಟಲಿ ಪೂರ್ತಿ."

"ಆಗಲೂ ಏನೂ ಅನ್ನಿಸಲಿಲ್ವಾ ಅತ್ತೆ?"

ಇಲ್ಲ ಎನ್ನಬಹುದಿತ್ತು. ಗಾಜು ಒರೆಸುವ ನೀರಿನ ಸುಳ್ಳಿನಷ್ಟೇ ಸಲೀಸು. "ಅನ್ನಿಸ್ತು," ಎಂದೆ. "ಹೇಳಿದ್ರೆ ನಿನ್ನಣ್ಣನ ಬಾಯಿಗೆ ಬೀಳಬೇಕಲ್ಲ ಅಂತ ಸುಮ್ಮನಾದೆ."

ಅವಳು ಅಳಲಿಲ್ಲ. ಚಿನಕುರುಳಿ ಇವತ್ತು ಊಟ ಮಾಡಿದಳಾ ಎಂದು ಕೇಳಿದಳು. ಮಾಡಿದಳು ಎಂದೆ. ನಾಳೆ ಅವಳನ್ನು ಅಣ್ಣ ಬಂದು ಕರೆದುಕೊಂಡು ಹೋಗುತ್ತಾನೆ, ಬಟ್ಟೆ ಜೋಡಿಸಿಡಿ ಎಂದು ಹೇಳಿ ಆಚೆ ಮಗ್ಗುಲಾಗಲು ನೋಡಿದಳು. ಒಂದೇ ಕೈಯಲ್ಲಿ ಆಗಲಿಲ್ಲ. ನಾನು ಏಳುವಷ್ಟರಲ್ಲಿ ಪಕ್ಕದ ಹಾಸಿಗೆಯ ಹೆಂಗಸು ಬಂದು ತಿರುಗಿಸಿದಳು.

ಮರುದಿನ ಬೆಳಿಗ್ಗೆ ಎಂದಿನ ಹಾಗೆ ಎಣ್ಣೆ, ಬಾಚಣಿಗೆ ತೆಗೆದುಕೊಂಡು ಹೋದೆ. ಹೋಗದೆ ಇರಲಾಗಲಿಲ್ಲ. ನರ್ಸಮ್ಮ ಅವಳ ಬೆನ್ನಿಗೆ ದಿಂಬು ಕೊಟ್ಟು ಕೂರಿಸುತ್ತಿದ್ದಳು. ನನ್ನನ್ನು ಕಂಡು, ಬಂದ್ರಲ್ಲ, ಕೂದಲೆಲ್ಲ ಗಂಟಾಗಿದೆ ನೋಡಿ ಎಂದು ನಕ್ಕಳು. ನಾನು ಹಾಸಿಗೆಯ ಹತ್ತಿರ ಹೋದೆ. ಸೊಸೆ ನನ್ನ ಕೈಯನ್ನು ನೋಡಿದಳು, ಮುಖವನ್ನಲ್ಲ.

"ನೀವೇ ಬಾಚಿ ಸಿಸ್ಟರ್," ಎಂದಳು. "ಇವರು ಬೇಡ."

ನರ್ಸಮ್ಮನಿಗೆ ಅರ್ಥವಾಗಲಿಲ್ಲ, ಇಬ್ಬರನ್ನೂ ನೋಡಿದಳು. ನಾನು ಬಾಚಣಿಗೆಯನ್ನು ನರ್ಸಮ್ಮನ ಕೈಗೆ ಕೊಟ್ಟೆ.